ಉತ್ತರ ಸೂಚಿಯಲ್ಲಿಲ್ಲದ ವಾಕ್ಯ

ರೋಸ್ಮೇರಿ ಟೀಚರಿಗೆ ಉದ್ದ ಮಾತು ಆಗಿಬರುತ್ತಿರಲಿಲ್ಲ. ಸ್ಟಾಫ್ ಮೀಟಿಂಗಿನಲ್ಲಿ ಯಾರಾದರೂ ಪೀಠಿಕೆ ಹಾಕಲು ಹೊರಟರೆ ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗುವರು. ಒರೆಸಿ ಮುಗಿಯುವಷ್ಟರಲ್ಲಿ ಮಾತೂ ಮುಗಿಯಬೇಕು. ಮುಗಿಯದಿದ್ದರೆ, "ಈಗ ನಾವು ಎಂತ ಮಾಡ್ಬೇಕು, ಅದನ್ನು ಹೇಳಿ" ಎಂದು ಕೇಳಿಯೇ ಬಿಡುವರು. ಕೆಲವರಿಗೆ ಅದು ಸೊಕ್ಕು ಎನಿಸುತ್ತಿತ್ತು. ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನನಗೆ, ಅನ್ನಪೂರ್ಣೇಶ್ವರಿಗೆ, ಹಾಗನಿಸಲಿಲ್ಲ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರದು ಒಂದೇ ಮೇಜು. ಮಲಯಾಳ ರಾಜ್ಯಕ್ಕೆ ಸೇರಿಹೋದ ಗಡಿಸೀಮೆಯಲ್ಲಿ, ಬಾಯಾರಿನಿಂದ ಒಳಗೆ, ಗುಡ್ಡ ತಗ್ಗಿಸಿ ಕಟ್ಟಿದ ಕನ್ನಡ ಮೀಡಿಯಂ ಹೈಸ್ಕೂಲು ನಮ್ಮದು. ಸಂಜೆ ಇಳಿದು ಹೋಗುವ ಬಸ್ಸೂ ಒಂದೇ ಆದ್ದರಿಂದ ಅವರ ಬದುಕಿನ ಬಹುಪಾಲು ನನಗೆ ಬಸ್ಸಿನಲ್ಲೇ ತಿಳಿದದ್ದು.

ಅವರು ಹುಟ್ಟಿದ ಮನೆಯಲ್ಲಿ ಕನ್ನಡ ಇರಲಿಲ್ಲ. "ಪ್ರಾರ್ಥನೆಯೂ ಕೊಂಕಣಿ, ಬೈಗುಳವೂ ಕೊಂಕಣಿ. ಶಾಲೆಗೆ ಸೇರಿದ ಮೇಲೆ ಕನ್ನಡ ಕೇಳಿದ್ದು" ಎನ್ನುತ್ತಿದ್ದರು. ವಾಕ್ಯ ಸ್ವಲ್ಪ ಉದ್ದವಾದರೆ ಸಾಕು, ಕೊನೆಯ ಕ್ರಿಯಾಪದಕ್ಕೆ ಬರುವಾಗ ಮೊದಲು ಇದ್ದದ್ದು ಅವನೋ ಅವಳೋ ಅದೋ ಎಂದು ಮರೆತುಹೋಗಿ ಇಡೀ ತರಗತಿ ನಗುತ್ತಿತ್ತಂತೆ. ಹಾಗೆ ನಗಿಸಿಕೊಂಡು ನಗಿಸಿಕೊಂಡು ಆ ಹುಡುಗಿ ಒಂದು ಉಪಾಯ ಕಂಡುಕೊಂಡಳು: ಹೇಳಬೇಕಾದದ್ದನ್ನು ಮೊದಲು ತಲೆಯಲ್ಲಿ ಪೂರ್ತಿ ತೀರ್ಮಾನ ಮಾಡುವುದು, ಆಮೇಲೆ ಬಾಯಿ ತೆರೆಯುವುದು, ಒಂದೇ ವಾಕ್ಯ ಹೇಳಿ ಕೂತುಬಿಡುವುದು. ಭಯದಿಂದ ಕಲಿತದ್ದು ಮುಂದೆ ರುಚಿಯಾಯಿತು. ಕನ್ನಡದಲ್ಲೇ ಎಂ.ಎ. ಮಾಡಿ ಕನ್ನಡ ಟೀಚರೇ ಆದರು.

ಕ್ಲಾಸಿನಲ್ಲಿ ಅವರ ಹಟ ಒಂದೇ. ಕಥೆಯೋ ಪದ್ಯವೋ ಓದಿ ಮುಗಿದ ಮೇಲೆ ಅದರ ಆಶಯವನ್ನು ಪ್ರತಿಯೊಬ್ಬ ಮಗುವೂ ಒಂದು ವಾಕ್ಯದಲ್ಲಿ ಹೇಳಬೇಕು. ನನ್ನ ಕ್ಲಾಸಿಗೂ ಅವರದಕ್ಕೂ ನಡುವೆ ಪ್ಲೈವುಡ್ಡಿನ ಒಂದು ಮರೆ ಮಾತ್ರ ಇತ್ತು. ನಾನು ಈಚೆ ಸಮೀಕರಣ ಬಿಡಿಸುತ್ತಿರುವಾಗ ಆಚೆಯದು ಎಲ್ಲ ಕೇಳುತ್ತಿತ್ತು.

ಹತ್ತನೆಯ ತರಗತಿಗೆ ಒಂದು ಕಥೆ ಇತ್ತು; ಪುಸ್ತಕ ಬದಲಾದಾಗಲೂ ಅದು ಉಳಿದುಬಂತು. ಅಣ್ಣತಮ್ಮಂದಿರು ಜಾಗ ಪಾಲು ಮಾಡಿಕೊಂಡು ನಡುವೆ ಮಣ್ಣಿನ ಗೋಡೆ ಎಬ್ಬಿಸುತ್ತಾರೆ. ಎರಡು ಮನೆಯ ಮಕ್ಕಳೂ ಬಾವಿಗೆ, ಶಾಲೆಗೆ ಮಾರ್ಗ ಸುತ್ತಿ ಹೋಗಬೇಕಾಗುತ್ತದೆ. ಒಂದು ಮಳೆಗಾಲದಲ್ಲಿ ಗೋಡೆ ಕುಸಿದು ಬೀಳುತ್ತದೆ. ಯಾರೂ ಅದನ್ನು ಮತ್ತೆ ಕಟ್ಟುವುದಿಲ್ಲ. ಆದರೆ ಯಾರೂ ದಾಟುವುದೂ ಇಲ್ಲ; ಎಲ್ಲರೂ ಮೊದಲಿನ ಹಾಗೆ ಸುತ್ತುದಾರಿಯಲ್ಲೇ ಹೋಗುತ್ತಿರುತ್ತಾರೆ. ಅಷ್ಟೇ ಕಥೆ.

"ಆಶಯ ಎಂತ?" ಎಂದು ಟೀಚರ್ ಕೇಳುವರು.

"ಸಹೋದರ ಪ್ರೇಮ, ಟೀಚರ್."

"ಅದು ಹೆಸರಾಯಿತು. ಪ್ರೇಮ ಎಂತ ಮಾಡಿತು ಇಲ್ಲಿ? ಇದ್ದಿತಾ, ಸತ್ತಿತಾ? ಕ್ರಿಯಾಪದ ಇಲ್ಲದೆ ಆಶಯ ಇಲ್ಲ. ಮತ್ತೆ ಯಾರು?"

"ಅಣ್ಣತಮ್ಮಂದಿರು ಒಗ್ಗಟ್ಟಿನಿಂದ ಇರಬೇಕು."

"ಅವರು ಒಗ್ಗಟ್ಟಾದರಾ ಕಥೆಯಲ್ಲಿ? ಇಲ್ವಲ್ಲ! 'ಬೇಕು' ಅಂತ ಹೇಳ್ಲಿಕ್ಕೆ ನಮ್ಮ ಇಗರ್ಜಿಯಲ್ಲಿ ಪಾದ್ರಿಗಳು ಇದ್ದಾರೆ, ಆದಿತ್ಯವಾರ ಆದಿತ್ಯವಾರ ಹೇಳ್ತಾರೆ. ನೀನು ಹೇಳ್ಬೇಕಾದದ್ದು ಎಂತ ಆಗಬೇಕು ಅಂತ ಅಲ್ಲ, ಎಂತ ಆಗ್ತದೆ ಅಂತ."

ತುಂಬ ಹಿಂದೆ ಒಂದು ವರ್ಷ ಹೀಗೆ ಕೇಳುತ್ತಿರುವಾಗ ಹಿಂದಿನ ಬೆಂಚಿನಿಂದ ಅವಿನಾಶ ಎದ್ದು ನಿಂತ. ಬೆಳ್ಳೂರಿನ ಹುಡುಗ, ಅಜ್ಜನ ಮನೆಯಲ್ಲಿದ್ದು ನಮ್ಮಲ್ಲಿ ಓದುತ್ತಿದ್ದ. ನಿಧಾನವಾಗಿ ಹೇಳಿದ: "ದ್ವೇಷಕ್ಕೆ ಕಾರಣ ಹೋದ ಮೇಲೂ ಅದರ ಅಭ್ಯಾಸ ಉಳಿಯುತ್ತದೆ."

ನಾನು ಈಚೆ ಸೀಮೆಸುಣ್ಣ ಹಿಡಿದು ನಿಂತೆ. ಆಮೇಲೆ ಟೀಚರ್ "ಇನ್ನೊಮ್ಮೆ ಹೇಳು" ಎಂದದ್ದು ಕೇಳಿತು. ಆ ದಿನ ಸಂಜೆ ಬಸ್ಸಿನಲ್ಲಿ ಆ ವಾಕ್ಯವನ್ನು ನನಗೆ ಮತ್ತೆ ಹೇಳಿ, "ನನಗೆ ಹೊಳೆದಿರಲಿಲ್ಲ ಅನ್ನಪೂರ್ಣ. ಇಷ್ಟು ವರ್ಷ ಕಲಿಸಿಯೂ ನನಗೆ ಹೊಳೆದಿರಲಿಲ್ಲ" ಎಂದರು. ಅಷ್ಟು ಸಂತೋಷ ಅವರ ಮುಖದಲ್ಲಿ ನಾನು ಹೆಚ್ಚು ಸಲ ಕಂಡಿಲ್ಲ.

ಅವಿನಾಶ ಮುಂದೆ ಕನ್ನಡ ಅಧ್ಯಾಪಕನಾದ. ಚುರುಕು, ಮಾತುಗಾರ, ಕಂಪ್ಯೂಟರ್ ಗೊತ್ತಿದ್ದವನು. ಬೇಗ ಆರ್.ಪಿ. ಆದ, ಎಂದರೆ ರಜೆಯಲ್ಲಿ ಉಳಿದ ಅಧ್ಯಾಪಕರಿಗೆ ತರಬೇತಿ ಕೊಡುವವನು. ಟೀಚರಿಗೆ ನಿವೃತ್ತಿ ಹತ್ತಿರವಾಗುತ್ತಿದ್ದ ಕಾಲದಲ್ಲಿ ಒಂದು ತರಬೇತಿಗೆ ಅವರೇ ಶಿಷ್ಯನ ಎದುರು ಬೆಂಚಿನಲ್ಲಿ ಕುಳಿತರು. ಅವನು ಮೊದಲು ಅವರಿಗೆ ಕೈಮುಗಿದು, "ನಾನು ಈಗ ತೋರಿಸುವುದು ನನ್ನದಲ್ಲ, ನನ್ನ ರೋಸ್ಮೇರಿ ಟೀಚರದ್ದು" ಎಂದು ಎಲ್ಲರಿಗೂ ಹೇಳಿದ. ಆಮೇಲೆ ಪರದೆಯ ಮೇಲೆ ಒಂದೊಂದೇ ಪಾಠದ ಹೆಸರು, ಅದರ ಕೆಳಗೆ ಒಂದೊಂದು ವಾಕ್ಯ. ಪುಸ್ತಕದ ಎಲ್ಲ ಪಾಠಗಳಿಗೂ ಸಿದ್ಧ ಆಶಯ. ಆ ಗೋಡೆಯ ಕಥೆಯ ಕೆಳಗೆ ಅವನು ಹುಡುಗನಾಗಿದ್ದಾಗ ಹೇಳಿದ ವಾಕ್ಯವೇ ಇತ್ತು.

ಟೀಚರ್ ಕೈ ಎತ್ತಿದರಂತೆ. "ಅವಿನಾಶ, ಇದೆಲ್ಲ ನೀವೇ ಮಾಡಿದರೆ ಮಕ್ಕಳಿಗೆ ಮಾಡ್ಲಿಕ್ಕೆ ಎಂತ ಉಂಟು?"

"ಬಾಯಿಪಾಠ ಮಾಡ್ಲಿಕ್ಕೆ ಉಂಟು, ಟೀಚರ್" ಎಂದ. ಎಲ್ಲರೂ ನಕ್ಕರು. ಅವನು ನಗಲಿಲ್ಲ. "ತಮಾಷೆಗೆ ಹೇಳಿದ್ದಲ್ಲ ಟೀಚರ್. ನಮ್ಮ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಎಷ್ಟು ಜನ? ತುಳು, ಬ್ಯಾರಿ, ಮಲಯಾಳ, ಮರಾಟಿ. ಅವರತ್ರ ಸ್ವಂತ ವಾಕ್ಯ ಬರಿ ಅಂದ್ರೆ ಆ ಪ್ರಶ್ನೆಯನ್ನೇ ಬಿಡ್ತಾರೆ. ಇದಾದ್ರೆ ಮಾರ್ಕು ಸಿಕ್ತದೆ."

"ನನ್ನ ಮನೆಯಲ್ಲೂ ಕನ್ನಡ ಇರ್ಲಿಲ್ಲ."

"ಎಲ್ರಿಗೂ ನಿಮ್ಮ ಹಾಗೆ ಆಗ್ಲಿಕ್ಕೆ ಆಗ್ತದಾ ಟೀಚರ್?"

ಹೊಗಳಿದ ಹಾಗೂ ಆಯಿತು, ಬಾಯಿ ಮುಚ್ಚಿಸಿದ ಹಾಗೂ ಆಯಿತು. ಅವನ ಮಾತಿನಲ್ಲಿ ಹುರುಳೇ ಇರಲಿಲ್ಲ ಎಂದು ನಾನು ಹೇಳಲಾರೆ. ಬರೆಯಲು ಬಾರದ ಮಗುವಿನ ಮುಂದೆ ಕುಳಿತು ಹಣೆ ಚಚ್ಚಿಕೊಂಡವರಿಗೆ ಅದು ಗೊತ್ತು. ಆದರೆ ಬರೆಯಬಲ್ಲ ಮಗುವನ್ನು ಅವನು ಏನು ಮಾಡುತ್ತಾನೆ ಎಂದು ಆ ದಿನ ಯಾರೂ ಕೇಳಲಿಲ್ಲ.

ಆ ವಾಕ್ಯಗಳು ವಾಟ್ಸಾಪಿನಲ್ಲಿ ಹರಿದಾಡಿದವು. ಟ್ಯೂಷನ್ ಸೆಂಟರಿನವರು ಅಚ್ಚು ಹಾಕಿಸಿ ಹಂಚಿದರು. ಅಕ್ಕಪಕ್ಕದ ಶಾಲೆಗಳಲ್ಲಿ ಕನ್ನಡದ ಗ್ರೇಡು ಏರಿತು, ನಮ್ಮದು ಅಲ್ಲೇ ನಿಂತಿತು. ಮುಂದಿನ ಪಿ.ಟಿ.ಎ. ಮೀಟಿಂಗಿನಲ್ಲಿ ತಾಯಂದಿರು ನೇರ ಕೇಳಿದರು: "ಬೇರೆ ಶಾಲೆಯ ಮಕ್ಕಳಿಗೆ ಕೊಟ್ಟದ್ದು ನಮ್ಮ ಮಕ್ಕಳಿಗೆ ಯಾಕೆ ಕೊಡುದಿಲ್ಲ?"

ಹೆಡ್ಮಾಸ್ಟರ್ ಕೇಶವಪ್ರಸಾದರು ಕೆಟ್ಟವರಲ್ಲ. ಆದರೆ ಪ್ರತಿ ಜೂನ್ ತಿಂಗಳಲ್ಲಿ ಅವರಿಗೆ ನಿದ್ದೆ ಇರುತ್ತಿರಲಿಲ್ಲ. ಮಕ್ಕಳನ್ನು ಹತ್ತಿಸಿಕೊಂಡು ಹೋಗಲು ಇಂಗ್ಲಿಷ್ ಮೀಡಿಯಂ ಶಾಲೆಗಳ ವ್ಯಾನುಗಳು ನಮ್ಮ ಗೇಟಿನ ಮುಂದೆಯೇ ನಿಲ್ಲುತ್ತಿದ್ದವು. ಮಕ್ಕಳು ಕಡಿಮೆಯಾದರೆ ಒಂದು ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಕಿರಿಯ ಅಧ್ಯಾಪಕರ ಹುದ್ದೆ ಹೋಗುತ್ತದೆ. ಅವರು ಟೀಚರನ್ನು ಕರೆದು ಹೇಳಿದರು: "ಟೀಚರೆ, ಆಶಯ ಉಳಿಸ್ಲಿಕ್ಕೆ ಹೋಗಿ ಶಾಲೆ ಹೋಗುದು ಬೇಡ ಮಾರಾಯ್ರೆ."

ಮರುದಿನ ಮರೆಯ ಆಚೆಯಿಂದ ಮಾತು ಕೇಳಲಿಲ್ಲ. ಬೋರ್ಡಿನ ಮೇಲೆ ಸೀಮೆಸುಣ್ಣ ಓಡುವ ಸದ್ದು ಮಾತ್ರ. ಟೀಚರ್ ಆ ವಾಕ್ಯಗಳನ್ನೆಲ್ಲ ಬರೆದುಹಾಕುತ್ತಿದ್ದರು, ಮಕ್ಕಳು ಇಳಿಸಿಕೊಳ್ಳುತ್ತಿದ್ದರು. ಹಾಗೆ ಇಳಿಸಿಕೊಳ್ಳದೆ ಕುಳಿತವಳು ಶ್ರೀರಂಜಿನಿ ಒಬ್ಬಳೇ.

ಶ್ರೀರಂಜಿನಿ ರಬ್ಬರ್ ಮರ ಕೆತ್ತಿ ಹಾಲಿಳಿಸುವ ಟ್ಯಾಪಿಂಗ್ ಕೆಲಸದ ಕುಂಞನ ಮಗಳು. ಮನೆಮಾತು ತುಳು. ಮೆಲುದನಿಯವಳು, ಆದರೆ ಅಂದುಕೊಂಡದ್ದನ್ನು ಬಿಡುವವಳಲ್ಲ. ಗೋಡೆಯ ಕಥೆಗೆ ಅವಳು ತನ್ನದೇ ವಾಕ್ಯ ಮಾಡಿ ಟೀಚರಿಗೆ ಹೇಳಿದ್ದಳು: "ಮೊದಲು ಮಾತಾಡಿದವನೇ ಸೋತವ ಎಂದುಕೊಂಡರೆ ಇಬ್ಬರೂ ಸೋಲುತ್ತಾರೆ." ಅವಿನಾಶನದಕ್ಕಿಂತ ಒಂದು ಕೂದಲು ಮೇಲು ಎಂದು ಟೀಚರ್ ನನ್ನಲ್ಲಿ ಹೇಳಿದ್ದರು.

ಆ ದಿನ ಕ್ಲಾಸು ಬಿಟ್ಟ ಮೇಲೆ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. "ಟೀಚರ್, ಪರೀಕ್ಷೆಯಲ್ಲಿ ನಾನು ಯಾವುದನ್ನು ಬರೆಯುದು?"

ಟೀಚರ್ ನನ್ನ ಕಡೆ ನೋಡಿದರು. ನಾನೇನು ಹೇಳಲಿ? ನನ್ನ ವಿಷಯದಲ್ಲಿ ಎರಡು ಸರಿ ಉತ್ತರ ಇರುವುದಿಲ್ಲ.

"ನಿನ್ನದನ್ನೇ ಬರಿ" ಎಂದರು ಕಡೆಗೆ. "ತಿದ್ದುವವರು ನಮ್ಮಂಥ ಟೀಚರುಗಳೇ ಅಲ್ವಾ? ಓದಿದ್ರೆ ಗೊತ್ತಾಗ್ತದೆ."

ಹುಡುಗಿ ತಲೆ ಆಡಿಸಿ ಹೋದಳು.

ಪರೀಕ್ಷೆ ಕಳೆದು ಮೌಲ್ಯಮಾಪನದ ಕ್ಯಾಂಪು ಶುರುವಾಯಿತು. ಚೀಫ್ ಎಕ್ಸಾಮಿನರ್ ಆಗುವ ಅವಕಾಶವನ್ನು ಟೀಚರ್ ಯಾವಾಗಲೂ ಬಿಟ್ಟುಕೊಡುತ್ತಿದ್ದರು. ಕೂತು ತಿದ್ದುವುದೇ ಅವರಿಗೆ ಇಷ್ಟ. ಆ ವರ್ಷ ಅವರ ಟೇಬಲಿಗೆ ಚೀಫ್ ಆಗಿ ಬಂದವನು ಅವಿನಾಶ. ಗೋಡೆಯ ಕಥೆಯೇ ಪರೀಕ್ಷೆಗೆ ಬಂದಿತ್ತು. ಕೈಗೆ ಕೊಟ್ಟ ಉತ್ತರ ಸೂಚಿಯಲ್ಲಿ ದ್ವೇಷ, ಕಾರಣ, ಅಭ್ಯಾಸ ಎಂಬ ಮೂರು ಮಾತು ಇದ್ದರೆ ಪೂರ್ಣ ಅಂಕ ಎಂದಿತ್ತು.

ಕಟ್ಟು ಬಿಚ್ಚಿದರೆ ಪತ್ರಿಕೆಯ ಮೇಲೆ ಪತ್ರಿಕೆ, ಅದೇ ವಾಕ್ಯ. ಚಂದದ ಅಕ್ಷರದಲ್ಲೂ ಅದೇ, ಕಾಗೆ ಕಾಲಿನ ಅಕ್ಷರದಲ್ಲೂ ಅದೇ. ಕಥೆಯ ಹೆಸರನ್ನೇ ತಪ್ಪು ಬರೆದ ಮಗುವೂ ಆ ವಾಕ್ಯವನ್ನು ತಪ್ಪಿಲ್ಲದೆ ಬರೆದಿತ್ತು. ಟೀಚರ್ ಎಲ್ಲದಕ್ಕೂ ಪೂರ್ಣ ಅಂಕ ಹಾಕುತ್ತಾ ಹೋದರು. ಹಾಗೆ ಹಾಕುತ್ತಿರುವಾಗ ಒಂದು ಪತ್ರಿಕೆ ಕೈಗೆ ಬಂತು. ಅಕ್ಷರ ಶ್ರೀರಂಜಿನಿಯದ್ದಲ್ಲ, ಯಾವ ಊರಿನ ಮಗುವೋ. ಒತ್ತಕ್ಷರ ಬಿಟ್ಟು, 'ಸಿಟು' ಎಂದು ಬರೆದಿತ್ತು: "ದೊಡ್ಡವರು ಸಿಟು ಮಾಡಿಕೊಂಡರೆ ದಾರಿ ಸುತ್ತುವುದು ಮಕ್ಕಳು."

"ಪೆನ್ನು ಕೆಳಗಿಟ್ಟು ಇನ್ನೊಮ್ಮೆ ಓದಿದೆ" ಎಂದರು ಟೀಚರ್ ನನ್ನಲ್ಲಿ. "ಆ ಕಥೆಯಲ್ಲಿ ಮಕ್ಕಳು ಇದ್ದಾರೆ ಅಂತ ನಾನೂ ನೋಡ್ಲಿಲ್ಲ, ಅವಿನಾಶನೂ ನೋಡ್ಲಿಲ್ಲ. ಅದನ್ನು ನೋಡಿದ್ದು ಒಂದು ಮಗು."

ಪೂರ್ಣ ಅಂಕ ಕೊಟ್ಟರು. ಮಧ್ಯಾಹ್ನ ಮೇಲೆ ಅವಿನಾಶ ಕೆಲವು ಪತ್ರಿಕೆಗಳನ್ನು ತೆಗೆದು ಮರುಪರಿಶೀಲನೆ ಮಾಡುವಾಗ ಅದೂ ಅವನ ಕೈಗೆ ಹೋಯಿತು. ಅವನು ಎದ್ದು ಅವರ ಕುರ್ಚಿಯ ಬಳಿ ಬಂದ.

"ಟೀಚರ್, ಇದಕ್ಕೆ ಫುಲ್ ಹಾಕಿದ್ದೀರಿ. ಸ್ಕೀಮಿನಲ್ಲಿ ಇಲ್ಲ."

"ಕಥೆಯಲ್ಲಿ ಉಂಟು."

"ಅದು ಹೌದು. ಆದ್ರೆ ಉಳಿದ ಟೇಬಲುಗಳಲ್ಲಿ ಇಂಥದ್ದಕ್ಕೆಲ್ಲ ಸೊನ್ನೆ ಹಾಕಿದ್ದಾರೆ. ಇಲ್ಲಿ ಮಾತ್ರ ಕೊಟ್ರೆ ಆ ಮಕ್ಕಳಿಗೆ ಅನ್ಯಾಯ ಆಗುದಿಲ್ವಾ?"

"ಆ ಮಕ್ಕಳಿಗೂ ಕೊಡಿ."

"ಕಟ್ಟು ಹಾಕಿ ಆಯ್ತು, ಟೀಚರ್."

ಅಷ್ಟರಲ್ಲಿ ಟೀಚರಿಗೆ ಶ್ರೀರಂಜಿನಿ ನೆನಪಾದಳು. ಕಟ್ಟು ಹಾಕಿ ಆದದ್ದರಲ್ಲಿ ಅವಳ ಪತ್ರಿಕೆ ಎಲ್ಲಿದೆಯೋ. ಯಾರೋ ಓದದೆ ಮೂರು ಶಬ್ದ ಹುಡುಕಿ, ಸಿಗದೆ, ಸೊನ್ನೆ ಸುತ್ತಿರಬೇಕು.

"ಅವಿನಾಶ, ಈ ಸ್ಕೀಮಿನಲ್ಲಿ ಇರುವುದು ನೀನು ನನ್ನ ಕ್ಲಾಸಲ್ಲಿ ಎದ್ದು ನಿಂತು ಹೇಳಿದ ವಾಕ್ಯ. ಆಗ ನನ್ನ ಕೈಯಲ್ಲಿ ಇಂಥ ಕಾಗದ ಇದ್ದಿದ್ರೆ ನಿನ್ನನ್ನು ಕೂರಿಸಿಬಿಡ್ತಿದ್ದೆ."

ಅವನ ಮುಖ ಕೆಂಪಾಯಿತು. ಸುತ್ತಲಿನವರು ತಲೆ ತಗ್ಗಿಸಿ ತಿದ್ದುವ ಹಾಗೆ ಮಾಡಿದರು. "ಅದೆಲ್ಲ ಆಗಿನ ಕಾಲ. ನನಗೂ ಮೇಲೆ ಕೇಳುವವರು ಇದ್ದಾರೆ" ಎಂದು ತನ್ನ ಪೆನ್ನು ತೆಗೆದು ಆ ಅಂಕವನ್ನು ಹೊಡೆದುಹಾಕಿದ. ತಿದ್ದಿದ ಮೊತ್ತಕ್ಕೆ ಸಹಿ ಹಾಕಲು ಟೀಚರ್ ಒಪ್ಪಲಿಲ್ಲ. ಚೀಲ ಹೆಗಲಿಗೇರಿಸಿ ಕ್ಯಾಂಪಿನಿಂದ ಹೊರಟುಬಂದರು.

ಫಲಿತಾಂಶ ಬಂದ ದಿನ ಶಾಲೆಯಲ್ಲಿ ಸಂಭ್ರಮ. ಹಿಂದೆಂದೂ ಇಲ್ಲದಷ್ಟು ಮಕ್ಕಳಿಗೆ ಎಲ್ಲದರಲ್ಲೂ ಎ ಪ್ಲಸ್. ಬಸ್ ಸ್ಟಾಪಿನಲ್ಲಿ ಅವರ ಫೋಟೋಗಳ ದೊಡ್ಡ ಫ್ಲೆಕ್ಸ್ ಎದ್ದಿತು. ಅದರಲ್ಲಿ ಶ್ರೀರಂಜಿನಿ ಇರಲಿಲ್ಲ. ಗಣಿತದಲ್ಲಿ, ವಿಜ್ಞಾನದಲ್ಲಿ, ಇಂಗ್ಲಿಷಿನಲ್ಲಿ, ಎಲ್ಲದರಲ್ಲೂ ಎ ಪ್ಲಸ್. ಕನ್ನಡದಲ್ಲಿ ಮಾತ್ರ, ಆ ಒಂದು ಉತ್ತರದ ಅಂಕಕ್ಕೆ, ಪ್ಲಸ್ ಹೋಗಿ ಬರೀ ಎ ಆಗಿತ್ತು.

ಕುಂಞ ಶಾಲೆಗೆ ಬಂದ. ಟ್ಯಾಪಿಂಗ್ ಮುಗಿಸಿ, ಸ್ನಾನ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದ. ಜಗಳಕ್ಕೆ ಬಂದವನಲ್ಲ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಟೀಚರೆ, ಕಷ್ಟದ್ದರಲ್ಲೆಲ್ಲ ಸಿಕ್ಕಿತು. ಕನ್ನಡದಲ್ಲಿ ಯಾಕೆ ಹೋಯಿತು? ಅವಳು ಒಳ್ಳೆದು ಬರೀತಾಳೆ ಅಂತ ನೀವೇ ಹೇಳಿದ್ದಲ್ವಾ?"

ಟೀಚರ್ ವಿವರಿಸಲು ಹೊರಟರು. ಉತ್ತರ ಸೂಚಿ ಎಂದರೆ ಹೀಗೆ, ತರಬೇತಿಯಲ್ಲಿ ಹೀಗಾಯಿತು, ಅವಳು ಬರೆದದ್ದು ತಪ್ಪಲ್ಲ, ಆದರೆ ತಿದ್ದುವವರು... ಮಾತು ಎಲ್ಲೆಲ್ಲೋ ಹೋಗಿ ಎಲ್ಲೂ ನಿಲ್ಲಲಿಲ್ಲ. ಅಷ್ಟು ಉದ್ದ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕುಂಞ ಪೂರ್ತಿ ಕೇಳಿಸಿಕೊಂಡ.

"ಅವಳು ಬೋರ್ಡಿನದ್ದು ಬರೆದಿದ್ರೆ ಸಿಕ್ತಿತ್ತಾ?" ಎಂದು ಕೇಳಿದ.

"ಸಿಕ್ತಿತ್ತು" ಎಂದರು ಟೀಚರ್.

"ಹಾಂ" ಎಂದು ಅವನು ಹೊರಟುಹೋದ.

ಮರುಮೌಲ್ಯಮಾಪನಕ್ಕೆ ಟೀಚರೇ ಓಡಾಡಿದರು. ಏನೂ ಬದಲಾಗಲಿಲ್ಲ. ಹುಡುಗಿಗೆ ಹತ್ತಿರದ ಶಾಲೆಯಲ್ಲಿ ಹತ್ತರ ಮುಂದಿನ ಪ್ಲಸ್ ಒನ್ನಿಗೆ ಸಯನ್ಸ್ ಸೀಟು ಸಿಗಲಿಲ್ಲ. ದೂರದಲ್ಲಿ ಎಲ್ಲೋ ಕಾಮರ್ಸ್ ಸಿಕ್ಕಿತು.

ಅಷ್ಟರಲ್ಲಿ ಕ್ಯಾಂಪು ಬಿಟ್ಟು ಬಂದದ್ದಕ್ಕೆ ವಿವರಣೆ ಕೇಳಿ ಮೆಮೊ ಬಂತು. ಟೀಚರ್ ಮೊದಲು ಬರೆದ ಉತ್ತರ ಹೀಗಿತ್ತು: "ಮಗು ಕಥೆಯನ್ನು ಓದಿ ಬರೆದಿತ್ತು, ನಾನು ಉತ್ತರವನ್ನು ಓದಿ ಅಂಕ ಕೊಟ್ಟೆ." ಕೇಶವಪ್ರಸಾದರು ಅದನ್ನು ನೋಡಿ ತಲೆಗೆ ಕೈಹೊತ್ತರು. "ಇದು ಹೋದರೆ ವಿಚಾರಣೆ ಆಗ್ತದೆ ಟೀಚರೆ. ನಿಮಗೆ ಇನ್ನು ಇರುದು ಒಂದು ವರ್ಷ. ಪೆನ್ಶನಿನ ಕಾಗದ ಎಲ್ಲಿ ಸಿಕ್ಕಿಹಾಕಿಕೊಳ್ತದೋ ದೇವರಿಗೇ ಗೊತ್ತು."

ಟೀಚರ ಗಂಡ ಹಿಲರಿಯವರಿಗೆ ಆಗಷ್ಟೇ ಹೃದಯದ ಆಪರೇಶನ್ ಆಗಿತ್ತು. "ತಪ್ಪಾಯಿತು ಅಂತ ಬರೆದು ಕೊಡು ರೋಸಿ, ನಾಲ್ಕು ಶಬ್ದದಲ್ಲಿ ಎಂತ ಹೋಗ್ತದೆ" ಎಂದು ಅವರೂ ಹೇಳಿದರಂತೆ. ನಾಲ್ಕು ಶಬ್ದದಲ್ಲಿ ಏನು ಹೋಗುತ್ತದೆ ಎಂದು ಹೆಂಡತಿಗೆ ಗೊತ್ತಿದ್ದಷ್ಟು ಅವರಿಗೆ ಗೊತ್ತಿರಲಿಲ್ಲ. ಮಾರನೆಯ ದಿನ ಹೆಡ್ಮಾಸ್ಟರ ಕೋಣೆಯಲ್ಲಿ ಕೇಶವಪ್ರಸಾದರು ಹೇಳುತ್ತಾ ಹೋದರು, ಟೀಚರ್ ಬರೆಯುತ್ತಾ ಹೋದರು. ಪ್ರಮಾದವಾಗಿದೆ, ವಿಷಾದಿಸುತ್ತೇನೆ, ಪುನರಾವರ್ತನೆಯಾಗದಂತೆ ನೋಡಿಕೊಳ್ಳುತ್ತೇನೆ. ಒಂದು ಅಕ್ಷರ ಸೇರಿಸಲಿಲ್ಲ, ಒಂದು ಅಕ್ಷರ ಬಿಡಲಿಲ್ಲ. ಸಹಿ ಹಾಕಿ ಬಂದು ನಮ್ಮ ಮೇಜಿನ ಬಳಿ ಕುಳಿತವರು ಆ ದಿನ ಊಟದ ಬುತ್ತಿ ಬಿಚ್ಚಲಿಲ್ಲ.

ಕೊನೆಯ ವರ್ಷ ಅವರು ಕಲಿಸಿದ್ದು ಬೋರ್ಡಿನ ವಾಕ್ಯಗಳನ್ನು. ಚೆನ್ನಾಗಿಯೇ ಕಲಿಸಿದರು. ಫಲಿತಾಂಶ ಇನ್ನೂ ಏರಿತು. ಬೀಳ್ಕೊಡುಗೆಗೆ ಅವಿನಾಶ ಬಂದು ಗುರುವಿನ ಬಗ್ಗೆ ಸೊಗಸಾಗಿ ಮಾತಾಡಿದ, ಬರೆದು ತಂದ ಕಾಗದವನ್ನು ಜೇಬಿನಿಂದ ತೆಗೆಯಲೇ ಇಲ್ಲ. ಕಾಲು ಮುಟ್ಟಲು ಬಾಗಿದಾಗ ಟೀಚರ್ ಅವನ ತಲೆಯ ಮೇಲೆ ಕೈ ಇಟ್ಟರು. ಅವರ ಒಂದು ವಾಕ್ಯಕ್ಕಾಗಿ ಅವನು ತುಸು ಹೊತ್ತು ಕಾದು ಆಚೆ ಸರಿದ.

ಕಳೆದ ಮಳೆಗಾಲದಲ್ಲಿ ನಾವಿಬ್ಬರೂ ಒಂದು ಮದುವೆಗೆಂದು ಮೊಗ್ರಾಲಿಗೆ ಹೋಗಿದ್ದೆವು. ಮರಳುವಾಗ ಹೈವೇ ಬದಿಯ ಬಸ್ ಸ್ಟಾಪಿನಲ್ಲಿ ಯೂನಿಫಾರ್ಮ್ ಹಾಕಿದ ಹುಡುಗಿಯೊಬ್ಬಳು ನಮ್ಮನ್ನು ಕಂಡು ಮೊದಲು ಮುಖ ತಿರುಗಿಸಿ, ಆಮೇಲೆ ಹತ್ತಿರ ಬಂದಳು. ಶ್ರೀರಂಜಿನಿ. ಪ್ಲಸ್ ಟೂಗೆ ಬಂದಿದ್ದಳು, ಎತ್ತರವಾಗಿದ್ದಳು.

"ಹೇಗಿದ್ದಿ ಮಗಾ? ಅಪ್ಪ ಸೌಖ್ಯವಾ?" ಎಂದು ಟೀಚರ್ ಅವಳ ಕೈ ಹಿಡಿದುಕೊಂಡರು.

"ಸೌಖ್ಯ ಟೀಚರ್."

"ಅಲ್ಲಿ ಕನ್ನಡಕ್ಕೆ ಯಾರು?"

ಹುಡುಗಿ ಬಸ್ಸು ಬರುತ್ತದೋ ಎಂದು ಮಾರ್ಗದ ಕಡೆ ನೋಡಿದಳು. "ಅಲ್ಲಿ ಕನ್ನಡ ಉಂಟು ಟೀಚರ್. ಒಳ್ಳೆಯ ಮಾಷ್ಟ್ರೇ ಇದ್ದಾರಂತೆ. ನಾನು ತಗೊಳ್ಳಲಿಲ್ಲ. ಮಲಯಾಳ ತಗೊಂಡೆ."

"ಮಲಯಾಳ ಬರೀಲಿಕ್ಕೆ ಬರ್ತಿತ್ತಾ ನಿನಗೆ?"

"ಇಲ್ಲ. ಕಲ್ತೆ. ನೋಟ್ಸ್ ಕೊಡ್ತಾರೆ, ಅದನ್ನೇ ಬರೆಯುದು." ಹೇಳಿ ಕೈ ಬಿಡಿಸಿಕೊಂಡಳು. ಒರಟಾಗಿ ಅಲ್ಲ, ಬಸ್ಸು ಬಂದಿತ್ತು. ಹತ್ತಿ ಕಿಟಕಿಯ ಬದಿಗೆ ಕುಳಿತಳು. ಕೈ ಬೀಸಲಿಲ್ಲ.

ನಮ್ಮ ಬಸ್ಸು ಬರುವವರೆಗೂ ಟೀಚರ್ ಕೊಡೆ ಮಡಿಸದೆ ಹಿಡಿದುಕೊಂಡೇ ನಿಂತಿದ್ದರು, ಮಳೆ ನಿಂತು ಬಹಳ ಹೊತ್ತಾಗಿತ್ತು. ಏನಾದರೂ ಸಮಾಧಾನ ಹೇಳೋಣ ಎಂದು ನಾನು ಬಾಯಿ ತೆರೆದೆ.

"ಬೇಡ ಅನ್ನಪೂರ್ಣ" ಎಂದರು. "ಬಸ್ಸು ಬಂತು."